ಸಸಿಯ ಲೆಕ್ಕ ಸಾಕು, ತಾಯಿಮರದ ಲೆಕ್ಕ ಬೇಕು

ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಮಾವಿನಗುಂಡಿಯತ್ತ ಹೋಗುವ ಬಸ್ಸಿನಲ್ಲಿ ಕೂತವರಿಗೆ ಕತ್ತಲೆಕಾನು ಎಂದರೆ ದಾರಿಯ ಒಂದು ತಿರುವು, ಅಷ್ಟೆ. ಜೋಗದ ಗುಂಡಿ ನೋಡುವ ಆತುರದಲ್ಲಿ ಅಲ್ಲಿ ಇಳಿಯುವವರು ಕಡಿಮೆ. ಆದರೆ ಸಿದ್ದಾಪುರ ತಾಲ್ಲೂಕಿನ ಈ ಕಾನಿನ ಒಳಗೆ, ಬೇಸಿಗೆಯಲ್ಲೂ ಹೆಜ್ಜೆ ಹೂತುಹೋಗುವ ಕೆಸರಿನಲ್ಲಿ, ಗೇರು ಮತ್ತು ಮಾವಿನ ಕುಟುಂಬಕ್ಕೆ ಸೇರಿದ ಒಂದು ದೊಡ್ಡ ಮರ ಬೆಳೆಯುತ್ತದೆ. 2000ದವರೆಗೆ ಸಸ್ಯವಿಜ್ಞಾನದ ಪುಸ್ತಕಗಳಲ್ಲಿ ಅದಕ್ಕೊಂದು ಹೆಸರೇ ಇರಲಿಲ್ಲ. ಆ ವರ್ಷ ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಇಬ್ಬರು ಅದನ್ನು ಹೊಸ ಪ್ರಭೇದವೆಂದು ವಿವರಿಸಿ, ಊರಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಸದ್ಯಕ್ಕೆ ಕತ್ತಲೆಕಾನಿನ ಗೇರು ಎನ್ನೋಣ. ಉತ್ತರ ಕನ್ನಡದ ಕೆಲವೇ ಕೆಲವು ಜೌಗು ತಾಣಗಳನ್ನು ಬಿಟ್ಟರೆ ಈ ಮರ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದೇ ಪರಿಹಾರ ನೆನಪಾಗುತ್ತದೆ. ಸಸಿ ಮಾಡಿ, ನೆಡಿ. ಪರಿಸರ ದಿನದಂದು ಮಂತ್ರಿಗಳು ಹಾರೆ ಹಿಡಿಯುತ್ತಾರೆ, ವರದಿಯಲ್ಲಿ ಲಕ್ಷ ಲಕ್ಷ ಸಸಿಗಳ ಅಂಕಿ ಏರುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಅಪರೂಪದ ಮರಗಳ ಮಟ್ಟಿಗೆ ಈ ಲೆಕ್ಕ ಅಪೂರ್ಣ ಮಾತ್ರವಲ್ಲ, ದಾರಿ ತಪ್ಪಿಸುವಂಥದ್ದು. ಒಂದೇ ತಾಯಿಮರದ ಬುಡದಲ್ಲಿ ಹೆಕ್ಕಿದ ಬೀಜದಿಂದ ಹತ್ತು ಸಾವಿರ ಸಸಿ ಎಬ್ಬಿಸಬಹುದು. ಆ ಹತ್ತು ಸಾವಿರವೂ ಅಣ್ಣತಮ್ಮ, ಅಕ್ಕತಂಗಿಯರೇ. ಹೆಚ್ಚಬೇಕಾದದ್ದು ಮರಗಳ ಸಂಖ್ಯೆಯಷ್ಟೇ ಅಲ್ಲ, ಮರಗಳ ನಡುವಿನ ವ್ಯತ್ಯಾಸ ಉಳಿಯಬೇಕು. ಅದನ್ನು ಅಳೆಯುವ ಅಭ್ಯಾಸ ನಮ್ಮ ಅರಣ್ಯ ಆಡಳಿತಕ್ಕೆ ಇನ್ನೂ ಬಂದಿಲ್ಲ.

ಕತ್ತಲೆಕಾನಿನ ಗೇರು ಒಂಟಿಯಾಗಿ ಬದುಕುವ ಮರವಲ್ಲ. ಅದರ ನೆರೆಹೊರೆಯನ್ನು ಮಲೆನಾಡಿನವರು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಬೆಟ್ಟದ ಬುಡದಲ್ಲಿ ಒರತೆ ಒಡೆದು ಹಳ್ಳವಾಗುವ ಮೊದಲು ನೀರು ನಿಧಾನಕ್ಕೆ ಹರಡಿಕೊಳ್ಳುವ ತಗ್ಗು ಅದು. ಜಾಯಿಕಾಯಿ ಕುಟುಂಬದ ಮರಗಳು ಅಲ್ಲಿನ ಯಜಮಾನರು. ಕೆಸರಿನಲ್ಲಿ ಗಾಳಿ ಸಿಗದಿರುವುದರಿಂದ ಪಿಂಡಿ ಮರದ ಬೇರು ಮಂಡಿ ಮಡಚಿದಂತೆ ಮಣ್ಣಿನಿಂದ ಮೇಲೆದ್ದು ಮತ್ತೆ ಇಳಿಯುತ್ತದೆ. ಅದರ ನೆಂಟ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಕಾಂಡದ ಸುತ್ತ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಲ್ಲುತ್ತದೆ. ಜಡ್ಡಿಯ ಅಂಚಿನಲ್ಲಿ ಗಾಯವಾದರೆ ಕೆಂಪು ರಸ ಜಿನುಗಿಸುವ ರಕ್ತಮರ, ಪತ್ರೆಗಾಗಿ ಸಾಂಬಾರ ಮಾರುಕಟ್ಟೆಯಲ್ಲಿ ಬೇಡಿಕೆಯಿರುವ ರಾಮಪತ್ರೆ. ನೇರಳೆ ಜಾತಿಯ ಸಿಜೀಜಿಯಂ ಟ್ರಾವಂಕೋರಿಕಂ, ಹಿಪ್ಪೆಯ ಕುಲದ ಮಧುಕಾ ಬೋರ್ಡಿಲೋನಿ ಕೂಡ ಇಲ್ಲಿವೆ. ಈ ಕೊನೆಯ ಎರಡನ್ನು ಕೇರಳದ ದಕ್ಷಿಣ ಭಾಗದ ಮರಗಳೆಂದೇ ಬಹುಕಾಲ ನಂಬಲಾಗಿತ್ತು. ಅವು ಉತ್ತರ ಕನ್ನಡದ ಕಾನುಗಳಲ್ಲೂ ಇವೆ ಎಂಬುದನ್ನು ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಜೊತೆಗಾರರು ಈ ಶತಮಾನದಲ್ಲಷ್ಟೇ ದಾಖಲಿಸಿದರು.

ಇಷ್ಟು ದೂರದ ಮರಗಳು ಇಲ್ಲೇಕೆ ಉಳಿದವು? ಜಾಯಿಕಾಯಿ ಕುಟುಂಬ ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ತೀರಾ ಮೊದಲೇ ಕವಲೊಡೆದ ಒಂದು ಕೊಂಬೆ. ಪಶ್ಚಿಮಘಟ್ಟದ ನಿತ್ಯಹಸಿರು ಕಾಡು ಹಿಂದೆ ಈಗಿನದಕ್ಕಿಂತ ಬಹಳ ವಿಸ್ತಾರವಾಗಿತ್ತು. ಹವೆ ಒಣಗಿದಾಗಲೆಲ್ಲ ಅದು ಮುದುಡಿಕೊಂಡಿತು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದ ಕಡೆಯ ತೀವ್ರ ಹಂತದಲ್ಲಿ ಮುಂಗಾರು ದುರ್ಬಲವಾದಾಗ, ವರ್ಷವಿಡೀ ತೇವ ಆರದ ಕಣಿವೆಗಳಲ್ಲಷ್ಟೇ ಇಂಥ ಮರಗಳಿಗೆ ಜಾಗ ಸಿಕ್ಕಿರಬೇಕು. ಆಮೇಲೆ ಮಳೆ ಮರಳಿತು, ಆದರೆ ಅಷ್ಟರಲ್ಲಿ ಮನುಷ್ಯನೂ ಬಂದಿದ್ದ. ಬೇಸಿಗೆಯಲ್ಲೂ ನೀರಿರುವ, ಸಮತಟ್ಟಾದ, ಕರಿಮಣ್ಣಿನ ತಗ್ಗು ಯಾರಿಗೆ ಬೇಡ? ಭತ್ತದ ಗದ್ದೆಗೂ ಅಡಿಕೆ ತೋಟಕ್ಕೂ ಅದೇ ಜಾಗ ಬೇಕು. ಮಲೆನಾಡಿನ ಎಷ್ಟೋ ಹಳೆಯ ತೋಟಗಳು ಒಂದು ಕಾಲಕ್ಕೆ ಜಡ್ಡಿಗಳಾಗಿದ್ದವು. ಇದನ್ನು ಅಪರಾಧ ಎನ್ನುವಂತಿಲ್ಲ. ಆ ತೋಟಗಳಿಂದಲೇ ಇಲ್ಲಿನ ಊರುಗಳು ಬದುಕಿವೆ. ಆದರೆ ಉಳಿದ ಜಡ್ಡಿಗಳು ಒಂದಕ್ಕೊಂದು ಸಂಪರ್ಕವಿಲ್ಲದ ತುಂಡುಗಳಾದದ್ದು ಹೀಗೆಯೇ.

ಉಳಿದದ್ದಾದರೂ ಹೇಗೆ? ದೇವರ ಭಯದಿಂದ, ಮತ್ತು ಕಾಳುಮೆಣಸಿನ ಆಸೆಯಿಂದ. 1801ರಲ್ಲಿ ಈ ಕರಾವಳಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್, ಕಾಡು ಊರಿನ ದೇವರಿಗೆ ಸೇರಿದ್ದೆಂದು ಜನ ಹೇಳುವುದನ್ನು ಬರೆದಿಟ್ಟಿದ್ದಾನೆ, ಸ್ವಲ್ಪ ಅನುಮಾನದ ದನಿಯಲ್ಲೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದ ಪೋರ್ಚುಗೀಸರು ಕೊಂಡೊಯ್ದ ಸರಕಿನ ಹಿಂದೆ ಇಂಥ ಕಾನುಗಳಿದ್ದವು. ಬಳ್ಳಿಗೆ ಆಸರೆಯಾದ ಮರವನ್ನು ಯಾರೂ ಕಡಿಯುವುದಿಲ್ಲವಲ್ಲ. ಭಕ್ತಿ, ವ್ಯಾಪಾರ ಎರಡೂ ಸೇರಿ ಮಾಡಿದ ಈ ರಕ್ಷಣೆ ಬ್ರಿಟಿಷರ ಅರಣ್ಯ ಕಾಯಿದೆಗಳು ಬಂದ ಮೇಲೆ ಸಡಿಲವಾಯಿತು.

ಈಗ ಮರದ ಒಳಗಿನ ಲೆಕ್ಕಕ್ಕೆ ಬರಬೇಕು. ಕತ್ತಲೆಕಾನಿನ ಗೇರಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಜಾಯಿಕಾಯಿ ಕುಟುಂಬದ ಮರಗಳೂ ಬಹುಪಾಲು ಹಾಗೆಯೇ. ಅಡಿಕೆ ತೋಟದಲ್ಲಿ ಜಾಯಿಕಾಯಿ ನೆಟ್ಟು, ಏಳೆಂಟು ವರ್ಷ ಕಾದು, ಕೊನೆಗೆ ಗಂಡು ಗಿಡವೆಂದು ತಿಳಿದು ತಲೆ ಚಚ್ಚಿಕೊಂಡ ಕೃಷಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಮರಗಳಲ್ಲಿ ತಲೆ ಎಣಿಸಿದರೆ ಸಾಲದು. ಒಂದು ಜಡ್ಡಿಯಲ್ಲಿ ನೂರು ಬಲಿತ ಮರಗಳಿವೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ ತೊಂಬತ್ತು ಗಂಡು, ಹತ್ತು ಹೆಣ್ಣು. ಮುಂದಿನ ಪೀಳಿಗೆಯ ಅರ್ಧದಷ್ಟು ವಂಶವಾಹಿಗಳು ಆ ಹತ್ತೇ ತಾಯಂದಿರಿಂದ ಬರಬೇಕು. ತಳಿಶಾಸ್ತ್ರದ ಸರಳ ಸೂತ್ರವೊಂದು ಹೇಳುವಂತೆ, ಗಂಡು ಹೆಣ್ಣುಗಳ ಸಂಖ್ಯೆಯನ್ನು ಗುಣಿಸಿ, ಅದನ್ನು ಮತ್ತೆ ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ನಿಜವಾದ ಗಾತ್ರ. ಇಲ್ಲಿ ಅದು 36. ಅಂದರೆ ಕಣ್ಣಿಗೆ ಕಾಣುವುದು ನೂರು ಮರ, ವಂಶದ ದೃಷ್ಟಿಯಲ್ಲಿ ಮೂವತ್ತಾರು. ಅದರಲ್ಲೂ ಎಲ್ಲ ಹೆಣ್ಣು ಮರಗಳು ಒಂದೇ ಸಮ ಕಾಯಿ ಬಿಡುವುದಿಲ್ಲ, ಕೆಲವು ಗಂಡು ಮರಗಳ ಪರಾಗ ಎಲ್ಲಿಗೂ ತಲುಪುವುದಿಲ್ಲ. ಆ ಮೂವತ್ತಾರೂ ಉದಾರ ಅಂದಾಜು.

1980ರಲ್ಲಿ ಇಯಾನ್ ಫ್ರಾಂಕ್ಲಿನ್ ಎಂಬ ವಿಜ್ಞಾನಿ ಒಂದು ಸ್ಥೂಲ ಗಡಿ ಹಾಕಿಕೊಟ್ಟ. ಹತ್ತಿರದ ಅಪಾಯ ತಪ್ಪಿಸಲು ಇಂಥ ನಿಜಗಾತ್ರ ಐವತ್ತಾದರೂ ಇರಬೇಕು. ಬದಲಾಗುವ ಕಾಲಕ್ಕೆ ಹೊಂದಿಕೊಳ್ಳುವ ಶಕ್ತಿ ಉಳಿಯಬೇಕೆಂದರೆ ಐನೂರು. ಈ ಅಂಕಿಗಳು ಕಡಿಮೆಯಾದವು, ದುಪ್ಪಟ್ಟು ಮಾಡಬೇಕು ಎಂದು ವಾದಿಸುವವರೂ ಇದ್ದಾರೆ. ಅದೇನೇ ಇರಲಿ, 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಭಾರತವೂ ಸೇರಿ ಜಗತ್ತಿನ ದೇಶಗಳು ಒಪ್ಪಿದ ಜೀವವೈವಿಧ್ಯ ಚೌಕಟ್ಟಿನ ಅಳತೆಗೋಲುಗಳಲ್ಲಿ ಈ ಐನೂರು ಸೇರಿಕೊಂಡಿದೆ. ಒಂದು ಪ್ರಭೇದದ ಎಷ್ಟು ಗುಂಪುಗಳು ಆ ಗಡಿಯ ಮೇಲಿವೆ ಎಂದು ದೇಶಗಳು ವರದಿ ಕೊಡಬೇಕು. ನಮ್ಮ ಜಡ್ಡಿಯ ಮರಗಳನ್ನು ಆ ಕೋಲಿನಿಂದ ಅಳೆದರೆ ಏನು ಸಿಗುತ್ತದೆಂದು ಊಹಿಸುವುದು ಕಷ್ಟವಲ್ಲ.

ಮರಗಳ ವಿಷಯದಲ್ಲಿ ಇನ್ನೊಂದು ಮೋಸವಿದೆ. ಅವು ದೀರ್ಘಾಯುಷಿಗಳು. ಇಂದು ಕತ್ತಲೆಕಾನಿನಲ್ಲಿ ನಿಂತಿರುವ ದೊಡ್ಡ ಮರ ಮೊಳೆತದ್ದು ಕಾಡು ಇನ್ನೂ ಜೋಡಿಕೊಂಡಿದ್ದ ಕಾಲದಲ್ಲಿ. ಅದರ ಅಪ್ಪ ಬಹುಶಃ ಗುಡ್ಡದಾಚೆಯ ಜಡ್ಡಿಯಲ್ಲಿದ್ದ. ಆದ್ದರಿಂದ ಹಳೆ ಮರಗಳ ಎಲೆ ಕಿತ್ತು ಡಿಎನ್‌ಎ ನೋಡಿದರೆ ವೈವಿಧ್ಯ ಚೆನ್ನಾಗಿಯೇ ಕಾಣಬಹುದು, ಅಧಿಕಾರಿಗಳು ನಿಟ್ಟುಸಿರು ಬಿಡಬಹುದು. ಪರೀಕ್ಷೆ ಮಾಡಬೇಕಾದದ್ದು ಮರದ ಬುಡದ ಮೊಳಕೆಗಳನ್ನು. ಕಾಡು ತುಂಡಾದ ಮೇಲೆ ಹುಟ್ಟಿದವು ಅವು. ತಾತನ ಆಸ್ತಿಪತ್ರ ಹಿಡಿದು ಮೊಮ್ಮಗನಿಗೆ ಸಾಲ ಕೊಟ್ಟಂತಾಗುತ್ತದೆ ಇಲ್ಲದಿದ್ದರೆ.

ಇದೆಲ್ಲ ಕಾಗದದ ಭಯವಲ್ಲ ಎನ್ನುವುದಕ್ಕೆ ಇಟಲಿಯ ಸಿಸಿಲಿ ದ್ವೀಪವನ್ನು ನೋಡಬೇಕು. ಒಂದೇ ದ್ವೀಪದಲ್ಲಿ ಇಂಥ ಎರಡು ಪಾಠಗಳಿವೆ. ಅಲ್ಲಿನ ಇಬ್ಲೇಯಿ ಗುಡ್ಡಗಳಲ್ಲಿ 1991ರಲ್ಲಿ ಜೆಲ್ಕೋವಾ ಎಂಬ ಪುರಾತನ ಕುಲದ ಹೊಸ ಮರವೊಂದು ಪತ್ತೆಯಾಯಿತು. ಕುಳ್ಳಗೆ ಪೊದೆಯಂತೆ ಬೆಳೆಯುವ ನೂರಾರು ಗಿಡಗಳು. ಎಣಿಸಿದವರಿಗೆ ಸಮಾಧಾನವಾಗುವಷ್ಟು. ವಂಶವಾಹಿ ನೋಡಿದಾಗ ತಿಳಿದದ್ದು, ಆ ನೂರಾರು ಗಿಡಗಳೂ ಬೇರಿನಿಂದ ಚಿಗುರಿ ಹರಡಿಕೊಂಡ ಒಂದೇ ಗಿಡದ ಪ್ರತಿಗಳು. ಸಾಲದ್ದಕ್ಕೆ ಅದರ ಕೋಶದಲ್ಲಿ ಎರಡು ಗಣಗಳ ಬದಲು ಮೂರು ಗಣ ವರ್ಣತಂತುಗಳು. ಬೀಜ ಕಟ್ಟಿದರೂ ಮೊಳೆಯುವುದಿಲ್ಲ. 2009ರಲ್ಲಿ ಸ್ವಲ್ಪ ದೂರದಲ್ಲಿ ಎರಡನೆಯ ಗುಂಪು ಸಿಕ್ಕಿತು. ಅದೂ ಅಷ್ಟೆ, ಇನ್ನೊಂದೇ ಗಿಡ. ಸಾವಿರಕ್ಕೂ ಹೆಚ್ಚು ಕಾಂಡಗಳು, ವಂಶ ಎರಡೇ ಎರಡು.

ಅದೇ ದ್ವೀಪದ ಮಡೋನಿಯೆ ಬೆಟ್ಟಗಳಲ್ಲಿ ನೆಬ್ರೋದಿ ಫರ್ ಎಂಬ ಸೂಚಿಪರ್ಣಿ ಮರವಿದೆ. ಕಾಡಿನಲ್ಲಿ ಉಳಿದಿರುವ ಬಲಿತ ಮರಗಳು 30. ಪ್ರತಿ ಮರಕ್ಕೂ ಸಂಖ್ಯೆಯಿದೆ, ಬೇಲಿಯಿದೆ. ದಶಕಗಳಿಂದ ನರ್ಸರಿಯಲ್ಲಿ ಸಾವಿರಾರು ಸಸಿ ಎಬ್ಬಿಸಿದ್ದರು. ನಮ್ಮ ಲೆಕ್ಕದಲ್ಲಾದರೆ ಮರ ಉಳಿಯಿತೆಂದು ಫಲಕ ಹಾಕುವಷ್ಟು. ಇತ್ತೀಚೆಗೆ ಆ ಸಸಿಗಳ ಡಿಎನ್‌ಎ ತಪಾಸಣೆ ನಡೆದಾಗ ಹೆಚ್ಚಿನವು ತನ್ನದೇ ಪರಾಗ ತನಗೇ ಸೋಂಕಿ ಹುಟ್ಟಿದವು ಎಂದು ಗೊತ್ತಾಯಿತು. ಇನ್ನು ಕೆಲವು, ಹತ್ತಿರ ನೆಟ್ಟಿದ್ದ ಹೊರಗಿನ ಫರ್ ಮರಗಳ ಜೊತೆ ಬೆರೆತವು. ಈಗ ಅಲ್ಲಿನ ವಿಜ್ಞಾನಿಗಳು ಒಂದು ಮರದ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಾರೆ ಮುಟ್ಟಿಸಿ, ಯಾವ ಜೋಡಿಯ ಸಸಿ ಯಾವುದೆಂದು ಬರೆದಿಟ್ಟು ಬೆಳೆಸುತ್ತಿದ್ದಾರೆ. ಮೂವತ್ತು ಮರಗಳಿಗಾಗಿ ಇಷ್ಟು ಶ್ರಮವೇ ಎಂದು ಕೇಳುವವರಿಗೆ ದಕ್ಷಿಣ ಆಫ್ರಿಕಾದ ವುಡ್ಸ್ ಸೈಕ್ಯಾಡ್ ಎಂಬ ಗಿಡವೇ ಉತ್ತರ. 1895ರಲ್ಲಿ ಜಾನ್ ಮೆಡ್ಲಿ ವುಡ್ ಎಂಬ ಸಸ್ಯವಿಜ್ಞಾನಿಗೆ ಕಂಡ ಒಂದು ಗುಂಪು ಕಾಂಡ ಬಿಟ್ಟರೆ ಕಾಡಿನಲ್ಲಿ ಅದು ಮತ್ತೆ ಸಿಕ್ಕಿಲ್ಲ. ಜಗತ್ತಿನ ಸಸ್ಯೋದ್ಯಾನಗಳಲ್ಲಿರುವ ಅದರ ಎಲ್ಲ ಗಿಡಗಳೂ ಗಂಡು. ಈಗ ಡ್ರೋನ್ ಹಾರಿಸಿ ಹೆಣ್ಣು ಹುಡುಕುತ್ತಿದ್ದಾರೆ.

ಎದುರುವಾದವನ್ನೂ ಕೇಳಬೇಕು. ವೈವಿಧ್ಯವೇ ಇಲ್ಲದೆ ಬದುಕಿ ತೋರಿಸಿದ ಮರವೊಂದಿದೆ ಎನ್ನುತ್ತಾರೆ, ಆಸ್ಟ್ರೇಲಿಯಾದ ವೊಲೆಮಿ ಪೈನ್. 1994ರಲ್ಲಿ ಡೇವಿಡ್ ನೋಬಲ್ ಎಂಬ ಉದ್ಯಾನ ಸಿಬ್ಬಂದಿ ಸಿಡ್ನಿಯ ವಾಯವ್ಯಕ್ಕಿರುವ ಕೊರಕಲಿನಲ್ಲಿ ಇಳಿದಾಗ ಕಂಡದ್ದು ಕೋಟ್ಯಂತರ ವರ್ಷಗಳ ಹಿಂದಿನ ಪಳೆಯುಳಿಕೆಗಳಿಂದಷ್ಟೇ ಪರಿಚಯವಿದ್ದ ಬಳಗದ ಮರ. ಬಲಿತವು ನೂರಕ್ಕಿಂತ ಕಡಿಮೆ. ಮೊದಲ ಪರೀಕ್ಷೆಗಳಲ್ಲಿ ಡಿಎನ್‌ಎಯ ನೂರಾರು ಜಾಗ ಹುಡುಕಿದರೂ ಒಂದು ಮರಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಸಿಗಲಿಲ್ಲ. ಆದರೂ ಸಾವಿರಾರು ವರ್ಷ ಬದುಕಿದೆಯಲ್ಲ?

ಬದುಕಿದೆ ನಿಜ. ಏನೂ ಬದಲಾಗದ ಆಳದ ಕೊರಕಲಿನೊಳಗೆ. 2005ರಲ್ಲಿ ಆ ಗುಪ್ತ ಜಾಗಕ್ಕೆ ಮಣ್ಣಿನ ಶಿಲೀಂಧ್ರದಂಥ ಫೈಟಾಫ್ಥೊರಾ ತಲುಪಿತು, ಯಾರದೋ ಅಕ್ರಮ ಭೇಟಿಯ ಬೂಟಿನಲ್ಲಿ ಬಂದದ್ದೆಂಬ ಶಂಕೆಯಿದೆ. ಅಡಿಕೆಗೆ ಕೊಳೆರೋಗ ತರುವುದು ಇದೇ ಫೈಟಾಫ್ಥೊರಾ ಕುಲದ ಇನ್ನೊಂದು ಜಾತಿ. ಬೋರ್ಡೋ ದ್ರಾವಣದ ಡ್ರಮ್ಮು ಹೊತ್ತು ಆಷಾಢ ಕಳೆಯುವ ಶಿರಸಿ, ಸಿದ್ದಾಪುರದ ತೋಟಿಗರಿಗೆ ಅದರ ಪರಿಚಯ ಚೆನ್ನಾಗಿದೆ. ಎಲ್ಲ ಮರಗಳೂ ಒಂದೇ ತರಹದವಾದರೆ ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಲ್ಲದು. ಕಂದಿನಿಂದಲೇ ಬೆಳೆಸುತ್ತ ಬಂದ ನಂಜನಗೂಡು ರಸಬಾಳೆಗೆ ಪನಾಮಾ ಸೊರಗುರೋಗ ತಗುಲಿದ ಮೇಲೆ ಆದದ್ದು ಕನ್ನಡಿಗರಿಗೆ ಗೊತ್ತೇ ಇದೆ. ಇನ್ನು 2019ರ ಕೊನೆಯ ಮಹಾಕಾಳ್ಗಿಚ್ಚಿನಲ್ಲಿ ವೊಲೆಮಿ ಉಳಿದದ್ದು ತನ್ನ ಬಲದಿಂದಲ್ಲ. ಸರ್ಕಾರ ಹೆಲಿಕಾಪ್ಟರಿನಿಂದ ಸಿಬ್ಬಂದಿಯನ್ನು ಇಳಿಸಿ, ಕೊರಕಲಿನಲ್ಲಿ ನೀರಿನ ಕೊಳವೆ ಹಾಕಿಸಿ, ವಿಮಾನಗಳಿಂದ ಬೆಂಕಿನಿರೋಧಕ ಸುರಿಸಿ ಕಾಪಾಡಿತು. ವೈವಿಧ್ಯವಿಲ್ಲದ ಮರ ಬದುಕಬಹುದು, ಸರ್ಕಾರವೊಂದು ಸದಾ ಕಾವಲು ನಿಲ್ಲುವುದಾದರೆ.

ನಮ್ಮ ಜಡ್ಡಿಗಳಿಗೆ ಅಂಥ ಕಾವಲು ಸಿಗುವ ಭರವಸೆ ಯಾರೂ ಕೊಟ್ಟಿಲ್ಲ. ಬದಲಿಗೆ ಅವುಗಳ ಮರಗಳಿಗೊಂದು ಹೆಚ್ಚಿನ ತೊಡಕಿದೆ. ಭತ್ತ, ರಾಗಿಯ ಬೀಜವನ್ನು ಒಣಗಿಸಿ ತಣ್ಣನೆಯ ಕೋಣೆಯಲ್ಲಿ ವರ್ಷಾನುಗಟ್ಟಲೆ ಇಡಬಹುದು. ರಾಮಪತ್ರೆ ಜಾತಿಯ ಬೀಜ ಒಣಗಿದರೆ ಸಾಯುತ್ತದೆ. ಬಿದ್ದ ಕೆಲವೇ ದಿನ, ವಾರಗಳಲ್ಲಿ ತೇವದ ನೆಲದಲ್ಲಿ ಅದು ಮೊಳೆಯಬೇಕು. ಬೀಜ ಬ್ಯಾಂಕ್ ಎಂಬ ವಿಮೆ ಇವಕ್ಕಿಲ್ಲ. ಸಂಗ್ರಹಾಲಯ ಎಂದರೆ ಜೀವಂತ ಮರವೇ ಆಗಬೇಕು. ಬೀಜ ದೂರ ಹೋಗುವುದೂ ಮಂಗಟ್ಟೆ ಮತ್ತು ದೊಡ್ಡ ಪಾರಿವಾಳಗಳ ಹೊಟ್ಟೆಯಲ್ಲಿ; ಕೆಂಪು ಪತ್ರೆಗೆ ಮರುಳಾಗಿ ನುಂಗಿದ ಹಕ್ಕಿ ಬೀಜವನ್ನು ಬೇರೆಡೆ ಉಗುಳುತ್ತದೆ. ಅದೇ ಪತ್ರೆಗೆ ಮನುಷ್ಯನೂ ಮರುಳಾಗಿದ್ದಾನೆ. ಕಾಯಿ ಬಿರಿಯುವ ಮೊದಲೇ ಕೊಯ್ದರೆ ಹಕ್ಕಿಗೂ ಇಲ್ಲ, ಮಣ್ಣಿಗೂ ಇಲ್ಲ. ಇನ್ನೊಬ್ಬ ಕೊಯ್ದಾನೆಂಬ ಅವಸರದಲ್ಲಿ ಕೊಂಬೆಯನ್ನೇ ಕಡಿದು ಕೆಡವುವುದೂ ಉಂಟು.

ಒಳ್ಳೆಯ ಕೆಲಸ ನಡೆದೇ ಇಲ್ಲವೆಂದರೆ ಅನ್ಯಾಯವಾದೀತು. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಕತ್ತಲೆಕಾನಿನ ಗೇರಿನ ಸಸಿ ಮಾಡಿ ಜಡ್ಡಿಗಳಿಗೆ ಮರಳಿಸುವ ಕೆಲಸಕ್ಕೆ ಕೈಹಾಕಿದ್ದಾರೆ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಗಿ, 2019ರಲ್ಲಿ ಅದು ಶರಾವತಿ ಕಣಿವೆ ಅಭಯಾರಣ್ಯದೊಂದಿಗೆ ಕೂಡಿ 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವಾಯಿತು. ಸಿಂಗಳೀಕದ ಹೆಸರಲ್ಲಿ ಜಡ್ಡಿಗೂ ರಕ್ಷಣೆ ದಕ್ಕಿತು. ಮರದ ಹೆಸರಿನಲ್ಲಿ ಅಷ್ಟು ಜಾಗ ಕೇಳಿದ್ದರೆ ಯಾರು ಕೊಡುತ್ತಿದ್ದರು ಎಂಬುದು ಬೇರೆ ಮಾತು.

ಆದರೆ ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಸೂರ್ಯ, ಗಾಳಿಯ ವಿದ್ಯುತ್ತನ್ನು ಕೂಡಿಡಲು ಇಂಥ ವ್ಯವಸ್ಥೆ ಬೇಕೆಂಬ ಸರ್ಕಾರದ ವಾದದಲ್ಲಿ ಹುರುಳಿಲ್ಲದೆ ಇಲ್ಲ. ತಕರಾರು ಇರುವುದು ಅದಕ್ಕೆ ಕಟ್ಟುವ ಬೆಲೆಯ ಲೆಕ್ಕದಲ್ಲಿ. ಇಂಥ ಯೋಜನೆಗಳ ಕಡತದಲ್ಲಿ ಕಾಡು ಎಂದರೆ ಇಷ್ಟು ಹೆಕ್ಟೇರು, ಇಷ್ಟು ಮರ, ಬದಲಿಗೆ ಇನ್ನೆಲ್ಲೋ ಇಷ್ಟು ನೆಡುತೋಪು. ಒಂದು ಜಡ್ಡಿಯ ಮೂರು ಹೆಣ್ಣು ಮರಗಳು ಹೋದರೆ ಒಂದು ಪ್ರಭೇದದ ಎಷ್ಟು ಪಾಲು ಹೋದಂತೆ ಎಂಬ ಕಲಂ ಆ ಕಡತದಲ್ಲಿಲ್ಲ. ಬಯಲುಸೀಮೆಯಲ್ಲಿ ನೆಟ್ಟ ಹೊಂಗೆ, ಬೇವು ಆ ಮೂರು ಮರಗಳಿಗೆ ಬದಲಿಯೂ ಅಲ್ಲ. ನೀರಿನ ಹರಿವಿನ ಒಂದು ಸಣ್ಣ ಬದಲಾವಣೆ ಈ ಕಣಿವೆಯಲ್ಲಿ ಏನು ಮಾಡಬಲ್ಲದೆಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. ಜೋಗದ ಜಲಪಾತದ ತುಂತುರಿನಲ್ಲಿ ಬೆಳೆಯುತ್ತಿದ್ದ ಹಬ್ಬಾರ್ಡಿಯಾ ಎಂಬ ಪುಟ್ಟ ಹುಲ್ಲನ್ನು 1919ರಲ್ಲಿ ಸಂಗ್ರಹಿಸಿದ್ದರು. ಅಣೆಕಟ್ಟುಗಳಿಂದ ತುಂತುರು ಕಡಿಮೆಯಾದ ಮೇಲೆ ಅದು ಅಲ್ಲಿ ಕಾಣಲಿಲ್ಲ, ಅಳಿದುಹೋಯಿತೆಂದೇ ನಂಬಿದ್ದರು. ಎಂಟು ದಶಕಗಳ ನಂತರ ಮಹಾರಾಷ್ಟ್ರದ ತಿಲ್ಲಾರಿಯಲ್ಲಿ ಸಿಕ್ಕಿತು, ಆ ಹುಲ್ಲಿನ ಅದೃಷ್ಟ. ಜಡ್ಡಿಯ ಗೇರಿಗೆ ಇನ್ನೊಂದು ತಿಲ್ಲಾರಿ ಇದೆಯೆಂದು ನಂಬಿ ಕೂರುವಂತಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲಿಗೆ ಪ್ರತಿ ಜಡ್ಡಿಯ ಪ್ರತಿ ಬಲಿತ ಮರಕ್ಕೂ ಒಂದು ಸಂಖ್ಯೆ, ಗಂಡೋ ಹೆಣ್ಣೋ ಎಂಬ ದಾಖಲೆ. ಸಾವಿರಾರು ಮರಗಳೇನಲ್ಲ, ಒಂದು ವಲಯದ ಸಿಬ್ಬಂದಿ ಒಂದು ಹೂಬಿಡುವ ಋತುವಿನಲ್ಲಿ ಮುಗಿಸಬಹುದಾದ ಕೆಲಸ. ಎರಡನೆಯದು ನರ್ಸರಿಯ ರಿಜಿಸ್ಟರಿನಲ್ಲಿ ತಾಯಿಮರದ ಸಂಖ್ಯೆಗೊಂದು ಕಲಂ. ಈಗ ಪಾಲಿಥೀನ್ ಚೀಲದ ಮೇಲೆ ಜಾತಿಯ ಹೆಸರಿದ್ದರೆ ಅದೇ ಹೆಚ್ಚು. ಯಾವ ಜಡ್ಡಿಯ ಯಾವ ಮರದ ಮಗು ಎಂದು ಗೊತ್ತಿದ್ದರೆ, ಅಣ್ಣತಮ್ಮಂದಿರನ್ನೇ ಒಟ್ಟಿಗೆ ನೆಟ್ಟು ಮುಂದಿನ ಪೀಳಿಗೆಯನ್ನು ಕುಗ್ಗಿಸುವುದು ತಪ್ಪುತ್ತದೆ.

ಒಂದು ಜಡ್ಡಿಯ ಸಸಿಯನ್ನು ಇನ್ನೊಂದಕ್ಕೆ ಒಯ್ಯಬಹುದೇ ಎಂಬುದು ಸುಲಭದ ಪ್ರಶ್ನೆಯಲ್ಲ. ಸಿದ್ದಾಪುರದ ಅಕ್ಕಪಕ್ಕದ ಜಡ್ಡಿಗಳ ನಡುವೆ ಒಯ್ಯಲೇಬೇಕು ಎನ್ನಬಹುದು. ನಿನ್ನೆ ಮೊನ್ನೆಯವರೆಗೆ ಮಂಗಟ್ಟೆಗಳು ಮಾಡುತ್ತಿದ್ದ ಕೆಲಸವದು. ಆದರೆ ಸಿಜೀಜಿಯಂ ಟ್ರಾವಂಕೋರಿಕಂನ ಕಥೆ ಬೇರೆ. ಅದರ ಒಂದು ಪ್ರಸಿದ್ಧ ಗುಂಪು ಕೇರಳದ ತೃಶೂರು ಜಿಲ್ಲೆಯ ಕಲಶಮಲೆಯ ದೇವರಕಾಡಿನಲ್ಲಿದೆ, ಇಲ್ಲಿಂದ ನಾನೂರು ಕಿಲೋಮೀಟರಿಗೂ ದೂರ. ಎರಡು ತುದಿಗಳ ಮರಗಳು ಎಷ್ಟು ಕಾಲದಿಂದ ದೂರವಾಗಿವೆ, ಇಲ್ಲಿನ ಮಳೆಗೆ ಇಲ್ಲಿನವು ಎಷ್ಟು ಒಗ್ಗಿವೆ ಎಂದು ಪರೀಕ್ಷಿಸದೆ ಲಾರಿಯಲ್ಲಿ ಸಸಿ ತರಿಸಿದರೆ ಸ್ಥಳೀಯ ಗುಣವೇ ಕಲಸಿಹೋಗಬಹುದು. ಅಮೆರಿಕದ ಫ್ಲೋರಿಡಾದಲ್ಲಿ ರೋಗದಿಂದ ನಾಶವಾಗುತ್ತಿರುವ ಟೊರೆಯಾ ಎಂಬ ಹಳೆಯ ಮರವನ್ನು ಉತ್ಸಾಹಿ ನಾಗರಿಕರು 2008ರಲ್ಲಿ ನೂರಾರು ಮೈಲು ಉತ್ತರದ ನಾರ್ತ್ ಕೆರೊಲಿನಾಗೆ ಒಯ್ದು ನೆಟ್ಟರು. ಮರ ಉಳಿಸಿದರು ಎಂದು ಕೆಲವರು, ರೋಗ ಹಂಚಿದರು ಎಂದು ಕೆಲವರು, ಜಗಳ ಇನ್ನೂ ಮುಗಿದಿಲ್ಲ. ಆ ಅವಸರ ನಮಗೆ ಬೇಡ.

ಮೂರನೆಯದು ಕಾಡಿನ ಹೊರಗಿನ ಜಾಗ. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಸೊಪ್ಪಿನಬೆಟ್ಟವಿದೆ, ತೋಟದ ತಲೆಯಲ್ಲಿ ಒರತೆಯಿದೆ. ಒಂದು ಕಾಲದ ಜಡ್ಡಿಯ ಅಂಚು ಅದು. ಅಲ್ಲಿ ಬೇರೆ ಬೇರೆ ತಾಯಿಯ ಮೂರು ನಾಲ್ಕು ಸಸಿ ನೆಡಲು ಒಪ್ಪುವ ರೈತರು ಸಿಗದಿರುವುದಿಲ್ಲ, ಒರತೆ ಬತ್ತಿದರೆ ತೋಟ ಉಳಿಯದೆಂಬುದು ಇಲಾಖೆಗಿಂತ ಮೊದಲು ಅವರಿಗೆ ಗೊತ್ತು. ಹಿಂದೆ ಕಾಡು ಕಡಿದು ಅಕೇಶಿಯಾ ಹಾಕಿಸಿದ ಇಲಾಖೆಯ ಮೇಲೆ ಅವರಿಗೆ ನಂಬಿಕೆ ಬರಬೇಕು ಎಂಬುದಷ್ಟೇ ತೊಡಕು. ಸಣ್ಣದೇನಲ್ಲ.

ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಸಿಂಧುದುರ್ಗ ಜಿಲ್ಲೆಯ ಬಾಂಬರ್ಡೆಯಲ್ಲಿರುವ, ಮೂರು ಹೆಕ್ಟೇರೂ ಇಲ್ಲದ ಒಂದು ರಾಮಪತ್ರೆ ಜಡ್ಡಿಯನ್ನು ಜೀವವೈವಿಧ್ಯ ಪರಂಪರೆ ತಾಣವೆಂದು ಘೋಷಿಸಿತು. ಗೋವಾದ ಸತ್ತರಿಯಲ್ಲಿ ದೇವರ ಹೆಸರಿನ ಬನವೊಂದರಲ್ಲಿ ಇಂಥ ಜಡ್ಡಿ ಉಳಿದಿದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪಿಗೆ 2007ರಲ್ಲೇ, ದೇಶದಲ್ಲಿ ಮೊದಲಿಗೆ, ಆ ಗೌರವ ಕೊಟ್ಟ ಕರ್ನಾಟಕಕ್ಕೆ ಸಿದ್ದಾಪುರದ ಜಡ್ಡಿಗಳಿಗೆ ಅದನ್ನು ಕೊಡುವುದು ಹೊಸ ವಿದ್ಯೆಯೇನಲ್ಲ. ಅಭಯಾರಣ್ಯದ ಹೊರಗೆ, ಮಾಲ್ಕಿ, ಬೆಟ್ಟ, ಕಂದಾಯ ಭೂಮಿಯ ನಡುವೆ ಸಿಕ್ಕಿಕೊಂಡ ಸಣ್ಣ ಜಡ್ಡಿಗಳಿಗೆ ಇದು ಹೆಚ್ಚು ಬೇಕು.

ಹೆಸರು ಹೊರಬಿದ್ದರೆ ಜನ ನುಗ್ಗುತ್ತಾರೆ ಎಂಬ ಆತಂಕ ಕೇಳಿಬರುತ್ತದೆ. ವೊಲೆಮಿಯ ಜಾಗವನ್ನು ಆಸ್ಟ್ರೇಲಿಯಾ ಇಂದಿಗೂ ಬಚ್ಚಿಟ್ಟಿದೆ. ಹೆದ್ದಾರಿಯ ಮಗ್ಗುಲಲ್ಲಿರುವ ಕತ್ತಲೆಕಾನನ್ನು ಬಚ್ಚಿಡಲಾಗದು. ಊರಿನವರಿಗೆ ಯಾವ ಮರ ಎಲ್ಲಿದೆ, ಯಾವುದು ಈ ವರ್ಷ ಕಾಯಿ ಬಿಟ್ಟಿದೆ ಎಂದು ಮೊದಲೇ ಗೊತ್ತು. ಪತ್ರೆ ಕೊಯ್ಯುವವರೂ ಅವರೇ. ಬೀಜ ಹೆಕ್ಕುವ ಕೆಲಸವನ್ನು ಅವರಿಗೇ ಕೊಡಬೇಕು. ಆದರೆ ಈಗಿನ ಹಾಗೆ ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟರೆ, ಯಾರೇ ಆದರೂ ಹತ್ತಿರದ, ಹೆಚ್ಚು ಕಾಯಿಬಿಟ್ಟ ಒಂದೇ ಮರದ ಬುಡದಲ್ಲಿ ಚೀಲ ತುಂಬಿಸಿ ಬರುತ್ತಾರೆ. ದೂರದ ಜಡ್ಡಿಯ ಒಂಟಿ ಹೆಣ್ಣು ಮರದಿಂದ ತಂದ ಇಪ್ಪತ್ತು ಬೀಜಕ್ಕೆ, ಹತ್ತಿರದ ಮರದ ಒಂದು ಚೀಲಕ್ಕಿಂತ ಹೆಚ್ಚು ದರ ನಿಗದಿಯಾಗಬೇಕು. ಅದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಇಲಾಖೆಯ ದರಪಟ್ಟಿಯಲ್ಲಿ ಒಂದು ಸಾಲು ತಿದ್ದಿದರೆ ಮುಂದಿನ ಕಾಯಿಯ ಋತುವಿಗೇ ಶುರುಮಾಡಬಹುದು.